ಉಪಗ್ರಹದ ತೇವಾಂಶ ಲೆಕ್ಕಕ್ಕೂ ಪರಿಶೋಧನೆ ಅಗತ್ಯ

ಕೃಷಿಯನ್ನು ಅವಲಂಬಿಸಿದ ವ್ಯಾಪಾರಕ್ಕೆ ಮಳೆಯೆಂಬುದು ಜಮಾ ಬಾಬತ್ತು ಮಾತ್ರ. ಹರಿದುಹೋಗುವ, ಆವಿಯಾಗುವ, ಆಳಕ್ಕೆ ಇಂಗುವ ನೀರು ಖರ್ಚಿನ ಬಾಬತ್ತು. ಬೆಳೆಯ ಬೇರಿಗೆ ದೊರಕುವುದು ಉಳಿದ ಶಿಲ್ಕು, ಅಂದರೆ ಮಣ್ಣಿನ ತೇವಾಂಶ. ಆಲೂರು, ಸಕಲೇಶಪುರ ತಾಲ್ಲೂಕುಗಳ ಕಾಫಿ, ಮೆಣಸು, ಶುಂಠಿ, ಭತ್ತದ ವಹಿವಾಟು ನಿಂತಿರುವುದು ಈ ಶಿಲ್ಕಿನ ಮೇಲೆ. ಆದರೆ 2016ರಲ್ಲಿ ಜಾರಿಗೆ ಬಂದ ಪುನರ್‌ರಚಿತ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮಳೆ, ಉಷ್ಣಾಂಶ, ಗಾಳಿಯ ಆರ್ದ್ರತೆ ಮೊದಲಾದ ದಾಖಲೆಗಳಿಂದ. ಒಂದೇ ಮಳೆ ಇಳಿಜಾರಿನ ತೋಟದಲ್ಲಿ ಹರಿದುಹೋಗಿ, ಕೆಳಗಿನ ಗದ್ದೆಯಲ್ಲಿ ವಾರಗಟ್ಟಲೆ ನಿಲ್ಲಬಹುದು. ಮಳೆಮಾಪಕಕ್ಕೆ ಈ ವ್ಯತ್ಯಾಸ ತಿಳಿಯದು.

ಈ ಕೊರತೆಯನ್ನು ನೀಗಿಸಬಲ್ಲದೆಂಬ ನಿರೀಕ್ಷೆ ಮೈಕ್ರೋವೇವ್ ದೂರಸಂವೇದಿ ತಂತ್ರಜ್ಞಾನದ ಮೇಲಿದೆ. ಡೈಎಲೆಕ್ಟ್ರಿಕ್ ಸ್ಥಿರಾಂಕವು ಒಣ ಮಣ್ಣಿನಲ್ಲಿ ಸುಮಾರು 4, ನೀರಿನಲ್ಲಿ ಸುಮಾರು 80. ಆದುದರಿಂದ ಮಣ್ಣು ತೇವಗೊಂಡಂತೆ ಅದು ಹೊರಸೂಸುವ ಹಾಗೂ ಪ್ರತಿಫಲಿಸುವ ಅಲೆಗಳು ಸ್ಪಷ್ಟವಾಗಿ ಬದಲಾಗುತ್ತವೆ. ಮೋಡವಾಗಲಿ ಕತ್ತಲೆಯಾಗಲಿ ಈ ಅಲೆಗಳಿಗೆ ಅಡ್ಡಿಯಲ್ಲ. ಮಲೆನಾಡಿನ ಮಳೆಗಾಲಕ್ಕೆ ಇದು ದೊಡ್ಡ ಅನುಕೂಲ. ಯುರೋಪಿನ ಸ್ಮಾಸ್ (2009), ಅಮೆರಿಕದ ಸ್ಮ್ಯಾಪ್ (2015) ಉಪಗ್ರಹಗಳ ಒಂದೊಂದು ಅಂಕಿಯೂ ಸುಮಾರು 40 ಕಿಲೋಮೀಟರ್ ಅಗಲದ ನೆಲದ ಸರಾಸರಿ. ಹಾಸನದಿಂದ ಸಕಲೇಶಪುರದವರೆಗಿನ ಬಹುಪಾಲು ನೆಲ ಅಂತಹ ಒಂದೇ ಅಂಕಿಯಲ್ಲಿ ಅಡಗುತ್ತದೆ. 2025ರ ಜುಲೈ 30ರಂದು ಇಸ್ರೋ ಮತ್ತು ನಾಸಾ ಜಂಟಿಯಾಗಿ ಹಾರಿಸಿದ ನಿಸಾರ್, 12 ದಿನಗಳಿಗೊಮ್ಮೆ ಅದೇ ಪಥಕ್ಕೆ ಮರಳಿ, 200 ಮೀಟರ್ ಪ್ರಮಾಣದಲ್ಲಿ ತೇವಾಂಶ ತಿಳಿಸುವ ಗುರಿ ಹೊಂದಿದೆ.

ಆದರೆ ಸೂಕ್ಷ್ಮವಾದ ಅಂಕಿಯೆಲ್ಲವೂ ಸತ್ಯವಾದ ಅಂಕಿಯಲ್ಲ. ಈ ಅಲೆಗಳು ಅಳೆಯುವುದು ಮೇಲಿನ ಸುಮಾರು 5 ಸೆಂಟಿಮೀಟರ್ ಮಣ್ಣನ್ನು. ಕಾಫಿಯ ಬೇರು ಅದಕ್ಕಿಂತ ಆಳದಲ್ಲಿರುತ್ತದೆ. ತೋಟದ ನೆರಳು ಮರಗಳ ಎಲೆ, ಕೊಂಬೆಗಳಲ್ಲಿನ ನೀರು ಮಣ್ಣಿನ ಸಂಕೇತವನ್ನು ಮಸುಕುಗೊಳಿಸುತ್ತದೆ. ಗುಡ್ಡದ ಇಳಿಜಾರು ರೇಡಾರ್ ಪ್ರತಿಧ್ವನಿಯನ್ನೇ ಬದಲಿಸುತ್ತದೆ.

ಕರ್ನಾಟಕದಲ್ಲಿಯೇ ಇದಕ್ಕೊಂದು ಮಾದರಿಯಿದೆ. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರೆಂಚ್ ವಿಜ್ಞಾನಿಗಳು ಹೊಲಗಳಲ್ಲಿ ನೇರವಾಗಿ ಅಳೆದ ತೇವಾಂಶದೊಡನೆ ರೇಡಾರ್ ಚಿತ್ರಗಳ ಅಂಕಿಗಳನ್ನು ತಾಳೆ ನೋಡಿದ್ದಾರೆ. ಆದರೆ ಅದು ಅರೆಶುಷ್ಕ ಬಯಲು. ಅಲ್ಲಿನ ಸೂತ್ರವನ್ನು ಆಲೂರಿನ ತೋಟಗಳಿಗೆ ಪರೀಕ್ಷಿಸದೆ ಅನ್ವಯಿಸುವುದು ಸರಿಯಾಗದು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಬಯಲು ಹೊಲ, ಗದ್ದೆ, ನೆರಳಿನ ತೋಟ, ಈ ಮೂರರಲ್ಲಿಯೂ ಬೇರಿನ ಆಳದವರೆಗೆ ತೇವಾಂಶ ಮಾಪಕಗಳನ್ನು ಅಳವಡಿಸಬೇಕು. ಸಕಲೇಶಪುರದ ದೋಣಿಗಾಲಿನಲ್ಲಿರುವ ಏಲಕ್ಕಿ ಸಂಶೋಧನಾ ಕೇಂದ್ರ ಇದಕ್ಕೆ ಸೂಕ್ತ ಸ್ಥಳ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಸ್ಥಾಪಿಸಿರುವ ಮಳೆಮಾಪಕಗಳ ಪಕ್ಕದಲ್ಲಿಯೂ ಇವನ್ನು ಇಡಬಹುದು. ವೆಚ್ಚವನ್ನು ವಿಮಾ ಕಂಪನಿಗಳು, ಸಾಲ ನೀಡುವ ಬ್ಯಾಂಕುಗಳು ಹಾಗೂ ವರ್ತಕರು ಹಂಚಿಕೊಳ್ಳುವುದು ನ್ಯಾಯ, ಲಾಭವೂ ಅವರದೇ. ಅಂಕಿಗಳು ಬೆಳೆಗಾರರಿಗೂ ಮುಕ್ತವಾಗಿ ದೊರೆಯಬೇಕು.

1982ರಿಂದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವನ್ನು ಹೊಂದಿರುವ ಹಾಸನಕ್ಕೆ ಉಪಗ್ರಹ ಅಪರಿಚಿತವಲ್ಲ. ಅದನ್ನು ತಿರಸ್ಕರಿಸುವ ಕಾರಣವೂ ಇಲ್ಲ. ಆದರೆ ಗೋದಾಮಿನ ದಾಸ್ತಾನನ್ನು ಕಣ್ಣಾರೆ ಎಣಿಸದೆ ಯಾವ ಲೆಕ್ಕಪರಿಶೋಧಕನೂ ಪುಸ್ತಕದ ಅಂಕಿಯನ್ನಷ್ಟೇ ನಂಬುವುದಿಲ್ಲ. ನೆಲದ ಮೇಲಿನ ತಾಳೆ ಮುಗಿಯುವವರೆಗೆ, ಉಪಗ್ರಹದ ಅಂಕಿಯೊಂದನ್ನೇ ಆಧರಿಸಿ ಯಾವ ಬೆಳೆಗಾರನ ಪರಿಹಾರವನ್ನೂ ನಿರಾಕರಿಸಲಾಗದು.