ಚಿನ್ನದ ಕಾವಲು, ಜನರ ಕಾವಲು: ಕೆಜಿಎಫ್‌ನ ಭದ್ರತೆ ಮತ್ತು ವೃತ್ತಿಶಿಕ್ಷಣ ಕುರಿತ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಅರ್ಜಿಗಳ ಸಮಿತಿ, ಕರ್ನಾಟಕ ವಿಧಾನಸಭೆ,
ವಿಧಾನಸೌಧ, ಬೆಂಗಳೂರು.

ವಿಷಯ: ಕೆಜಿಎಫ್ ತಾಲ್ಲೂಕಿನ ನಿವಾಸಿಗಳ ಸುರಕ್ಷತೆ ಮತ್ತು ಯುವಜನರ ವೃತ್ತಿಶಿಕ್ಷಣದ ಬಗ್ಗೆ ಶಾಸನಸಭೆ ತಳೆಯಬೇಕಾದ ನಿಲುವು.

ಕೋಲಾರದಲ್ಲಿ ಒಬ್ಬ ಪೊಲೀಸ್ ಸೂಪರಿಂಟೆಂಡೆಂಟ್ ಇದ್ದಾರೆ. ಅದೇ ಕಂದಾಯ ಜಿಲ್ಲೆಯೊಳಗೆ ಕೆಜಿಎಫ್‌ಗೆ ಇನ್ನೊಬ್ಬರಿದ್ದಾರೆ. ಒಂದು ತಾಲ್ಲೂಕು ಕೇಂದ್ರಕ್ಕೆ ತನ್ನದೇ ಪೊಲೀಸ್ ಜಿಲ್ಲೆ ಇರುವುದಕ್ಕೆ ಕಾರಣ ನೆಲದಡಿಯ ಚಿನ್ನ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೆಲಸ ಶುರು ಮಾಡಿದಂದಿನಿಂದ ಕಾವಲಿನ ಗುರಿ ಒಂದೇ ಆಗಿತ್ತು: ಗಣಿಯಿಂದ ಅದಿರು ಹೊರಗೆ ಹೋಗಬಾರದು. ಆ ಗುರಿಗಾಗಿ ಕಾರ್ಮಿಕರೆಲ್ಲರ ಬೆರಳಚ್ಚು ಪಡೆದು ನೋಂದಣಿ ಮಾಡಲು ಹೊರಟಾಗ 1930ರಲ್ಲಿ ಗಣಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ಕಾವಲು ಯಾರ ಪರ, ಯಾರ ಮೇಲೆ ಎಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದವು, 2001ರ ಫೆಬ್ರುವರಿ 28ರಂದು ನಿಂತವು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಕೆಲಸ ಅಂದಿಗೆ ಮುಗಿಯಿತು. ಚಿನ್ನಕ್ಕಾಗಿ ಕಟ್ಟಿದ್ದ ಪೊಲೀಸ್ ಜಿಲ್ಲೆ ಮಾತ್ರ ಉಳಿಯಿತು. ಅದು ಉಳಿಯಲಿ ಎಂಬುದೇ ಅರ್ಜಿದಾರರ ಇಚ್ಛೆ. ಆದರೆ ಕಾಯಬೇಕಾದ ವಸ್ತು ಬದಲಾಗಿರುವುದರಿಂದ ಅದರ ಕೆಲಸವೂ ಬದಲಾಗಬೇಕು.

ಇಂದು ಕೆಜಿಎಫ್‌ನಲ್ಲಿ ಅಪಾಯ ಎಂದರೆ ಮೊದಲು ನೆನಪಾಗುವುದು ಬಾಯಿ ತೆರೆದ ಶಾಫ್ಟು. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂನಲ್ಲಿ ಮುಚ್ಚಿದ ಗಣಿಗೆ ಚಿನ್ನದ ಆಸೆಯಿಂದ ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ದಾಖಲೆಯಲ್ಲಿ ಇಂಥದ್ದು ಕಳ್ಳತನದ ಯತ್ನ. ದಾಖಲೆ ತಪ್ಪಲ್ಲ, ಆದರೆ ಅದರಲ್ಲಿ ಅರ್ಧ ಮಾತು ಮಾತ್ರ ಇದೆ. ನಿಂತುಹೋದ ಗಣಿಯೊಳಗೆ ಗಾಳಿಯ ಓಡಾಟ ಇರುವುದಿಲ್ಲ, ಆಮ್ಲಜನಕ ಕಡಿಮೆ, ಕೆಳಗಿನ ಹಂತಗಳಲ್ಲಿ ನೀರು ತುಂಬಿರುತ್ತದೆ, ಮರದ ಆಧಾರಗಳು ಕೊಳೆತಿರುತ್ತವೆ. ದುಡಿಮೆಯ ದಾರಿ ಮೇಲೆಯೇ ಇದ್ದಿದ್ದರೆ ಈ ಅಪಾಯಕ್ಕೆ ಇಳಿಯುವವರು ಕಡಿಮೆಯಾಗುತ್ತಿದ್ದರು. ಭದ್ರತೆ ಮತ್ತು ಕಸುಬು ಎಂಬ ಎರಡು ವಿಷಯಗಳನ್ನು ಒಂದೇ ಮನವಿಯಲ್ಲಿ ಇಟ್ಟಿರುವುದು ಇದೇ ಕಾರಣಕ್ಕೆ.

ಎರಡನೆಯ ಅಪಾಯ ಸೈನೈಡ್ ದಿಬ್ಬಗಳು. ಅದಿರನ್ನು ಪುಡಿ ಮಾಡಿ ಸೈನೈಡ್ ದ್ರಾವಣದಲ್ಲಿ ಚಿನ್ನ ಬಸಿದ ಮೇಲೆ ಉಳಿದ ಮಣ್ಣು, ಸುಮಾರು 3.3 ಕೋಟಿ ಟನ್, ಊರಿನ ನಡುವೆಯೇ ರಾಶಿ ಬಿದ್ದಿದೆ. ಗಾಳಿ ಎದ್ದರೆ ಅದರ ದೂಳು ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳ ಒಳಗೆ ಬರುತ್ತದೆ. ಇದನ್ನು ತಡೆಯುವುದು ಪೊಲೀಸರ ಕೆಲಸವಲ್ಲ. ಆದರೂ ಸಮುದಾಯದ ಭದ್ರತೆ ಎಂದಾಗ ಇದನ್ನು ಬಿಟ್ಟು ಲೆಕ್ಕ ಹಾಕಲು ಬರುವುದಿಲ್ಲ.

ಇಲ್ಲಿ ಶಾಸಕರ ಅಧಿಕಾರದ ಎಲ್ಲೆಯನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಸಂವಿಧಾನದ 7ನೇ ಅನುಸೂಚಿಯಂತೆ ಪೊಲೀಸ್ ರಾಜ್ಯಪಟ್ಟಿಯ ವಿಷಯ. ಕಾರ್ಮಿಕರ ವೃತ್ತಿ ಹಾಗೂ ತಾಂತ್ರಿಕ ತರಬೇತಿ ಸಮವರ್ತಿ ಪಟ್ಟಿಯದು. ಗಣಿಗಳಲ್ಲಿನ ಕಾರ್ಮಿಕರ ನಿಯಂತ್ರಣ ಮತ್ತು ಸುರಕ್ಷತೆ ಕೇಂದ್ರಪಟ್ಟಿಯದು. ಎಂದರೆ ಬೀಟ್ ಪೊಲೀಸ್ ಮತ್ತು ಐಟಿಐ ವಿಷಯದಲ್ಲಿ ರಾಜ್ಯದ ಕೈ ನೇರವಾಗಿ ಚಾಚುತ್ತದೆ. ಶಾಫ್ಟಿನ ಬಾಯಿ ಮುಚ್ಚಿಸಲು ದೆಹಲಿಯನ್ನು ಕೇಳಬೇಕು. ಈ ಎಲ್ಲೆಯನ್ನೇ ನೆಪ ಮಾಡಿಕೊಂಡು ಎರಡೂ ಕಡೆಯವರು ಸುಮ್ಮನಿರಲು ಸಾಧ್ಯವಾಗಿದೆ. ಕೆಜಿಎಫ್ ಕ್ಷೇತ್ರ ರಿಪಬ್ಲಿಕನ್ ಪಕ್ಷ, ಸಿಪಿಎಂ, ಅಣ್ಣಾ ಡಿಎಂಕೆ, ಬಿಜೆಪಿ, ಕಾಂಗ್ರೆಸ್ ಹೀಗೆ ಎಲ್ಲ ಬಗೆಯವರನ್ನೂ ವಿಧಾನಸೌಧಕ್ಕೆ ಕಳಿಸಿ ನೋಡಿದೆ. ಆದ್ದರಿಂದ ಈ ಮನವಿ ಯಾವ ಪಕ್ಷದ ಮೇಲೂ ದೂರಲ್ಲ.

ಕಸುಬಿನ ಮಾತಿಗೆ ಬಂದರೆ, ಗಣಿ ನಿಂತಾಗ ಹೋದದ್ದು ಸಂಬಳ ಮಾತ್ರವಲ್ಲ, ಕಲಿಸುವ ಒಂದು ವ್ಯವಸ್ಥೆಯೂ ಹೌದು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಇಲ್ಲಿಗೆ ಬಂತು. ಬೆಂಗಳೂರಿನ ಬೀದಿಗಳಿಗೆ ಅದು ತಲುಪಿದ್ದು 1905ರಲ್ಲಿ. ಆ ಮೂರು ವರ್ಷಗಳ ಮುನ್ನಡೆ ಎಂದರೆ ಅಷ್ಟು ಬೇಗ ಇಲ್ಲಿ ಮೋಟಾರು, ಪಂಪು, ಹಗ್ಗದ ಚಕ್ರ ನಡೆಸಬಲ್ಲ ಕೈಗಳು ತಯಾರಾದವು ಎಂದರ್ಥ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಕೆಲಸವನ್ನು ಹಿರಿಯರ ಪಕ್ಕದಲ್ಲಿ ನಿಂತು ಕಲಿಯುವುದೇ ಇಲ್ಲಿನ ಶಾಲೆಯಾಗಿತ್ತು. ಬೆಮೆಲ್ ಕಾರ್ಖಾನೆ ಇದೆ, ಊರಿಗಾಂನಲ್ಲಿ ಸ್ಕೂಲ್ ಆಫ್ ಮೈನ್ಸ್ ಇದೆ. ಆದರೆ 1988ರಲ್ಲಿ ಇಲ್ಲೇ ಹುಟ್ಟಿದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯ ಪ್ರಧಾನ ಕಚೇರಿ ಇಂದು ಬೆಂಗಳೂರಿನಲ್ಲಿದೆ. ದಿನ ಬೆಳಗಾದರೆ ಸಾವಿರಾರು ಜನ ಮಾರಿಕುಪ್ಪಂ ರೈಲು ಹತ್ತಿ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಜಿಲ್ಲೆಯೊಳಗಿನ ನರಸಾಪುರದಲ್ಲಿ ಮೊಬೈಲ್ ಫೋನ್, ದ್ವಿಚಕ್ರ ವಾಹನದ ಕಾರ್ಖಾನೆಗಳಿವೆ, ಅಲ್ಲಿಗೆ ಮಾತ್ರ ರೈಲಿಲ್ಲ.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೆ ಏರಿಸಿದ್ದು ಒಳ್ಳೆಯ ಕೆಲಸವೇ. ಆದರೆ ಎಲ್ಲ ಊರಿಗೂ ಒಂದೇ ಪಟ್ಟಿಯ ಯಂತ್ರ ಕೊಟ್ಟರೆ ಊರಿನ ಗುಣಕ್ಕೆ ತಕ್ಕ ಕಸುಬು ಬೆಳೆಯದು. ಕೆಜಿಎಫ್‌ಗೆ ಬೇಕಾದವು ಭಾರಿ ಯಂತ್ರಗಳ ದುರಸ್ತಿ, ಗಣಿ ರಕ್ಷಣಾ ಕೆಲಸ, ದೂಳು ಮತ್ತು ನೀರಿನ ಪರೀಕ್ಷೆ. ಇವುಗಳಲ್ಲಿ ತರಬೇತಾದವರಿಗೆ ಬಳ್ಳಾರಿ, ಸಂಡೂರು, ಹಟ್ಟಿಯಂಥ ಕಡೆಯೂ ಕೆಲಸವಿದೆ.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸುಮಾರು 1,003 ಎಕರೆಯಲ್ಲಿರುವ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದೆ. ಮನವಿಯ ಮುಖ್ಯ ಬೇಡಿಕೆ ಇಲ್ಲಿಂದಲೇ ಹುಟ್ಟುತ್ತದೆ. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆಯಡಿಯ ನಿಯಮಗಳು ಹೇಳುತ್ತವೆ. ದಿಬ್ಬದ ಗುತ್ತಿಗೆ ಹಿಡಿಯುವವರು ಮೇಲಿನ ಮಿತಿಯಾದ ಶೇ 15ನ್ನೇ ಪಾಲಿಸಬೇಕು, ಆ ಸ್ಥಾನಗಳಿಗೆ ತಾಲ್ಲೂಕಿನ ಐಟಿಐ ಮತ್ತು ಸ್ಕೂಲ್ ಆಫ್ ಮೈನ್ಸ್ ವಿದ್ಯಾರ್ಥಿಗಳನ್ನು ಮೊದಲು ಪರಿಗಣಿಸಬೇಕು ಎಂಬ ಷರತ್ತನ್ನು ಟೆಂಡರಿನಲ್ಲೇ ಬರೆಯಿಸಲು ಸಮಿತಿಯು ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಟೆಂಡರ್ ಆದ ಮೇಲೆ ಕೇಳುವ ಷರತ್ತಿಗೆ ಬೆಲೆಯಿಲ್ಲ.

ಉಳಿದ ಬೇಡಿಕೆಗಳು ಚಿಕ್ಕವು. ತೆರೆದ ಶಾಫ್ಟುಗಳ ಸ್ಥಳವಾರು ಪಟ್ಟಿಯನ್ನು ಜಿಲ್ಲಾಧಿಕಾರಿ ಮತ್ತು ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಜಂಟಿಯಾಗಿ ತಯಾರಿಸಿ ಸದನದ ಮುಂದಿಡಬೇಕು. ಬೇಲಿ, ಮುಚ್ಚಿಗೆಯ ಖರ್ಚು ಯಾರದೆಂದು ಅದರಲ್ಲೇ ಬರೆದಿರಬೇಕು. ಬೀಟ್ ಪೊಲೀಸರು ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂ ಲೈನುಗಳಲ್ಲಿ ತಿಂಗಳಿಗೊಮ್ಮೆ ನಿವಾಸಿಗಳ ಸಭೆ ನಡೆಸಬೇಕು. ಹೆಂಗಸರ ದೂರು ಕೇಳಲು ಮಹಿಳಾ ಸಿಬ್ಬಂದಿ ಇರಬೇಕು. ಇಲ್ಲಿ ತಮಿಳು, ತೆಲುಗು ಆಡುವ ಮನೆಗಳೇ ಹೆಚ್ಚಾಗಿರುವುದರಿಂದ ಆ ಭಾಷೆ ಬಲ್ಲವರೂ ಅವರಲ್ಲಿರಬೇಕು. ಕೊನೆಯ ರೈಲು ಬರುವ ಹೊತ್ತಿಗೆ ನಿಲ್ದಾಣದಿಂದ ಲೈನುಗಳವರೆಗಿನ ದಾರಿಯಲ್ಲಿ ದೀಪ ಮತ್ತು ಗಸ್ತು ಎರಡೂ ಇರಬೇಕು. ಹಳೆಯ ಗಣಿ ಕಾರ್ಮಿಕರಲ್ಲಿ ಒಳದಾರಿಗಳನ್ನು ಕಂಡವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರನ್ನು ಗೌರವಧನ ಕೊಟ್ಟು ಐಟಿಐಗಳಿಗೆ ಅತಿಥಿ ಬೋಧಕರಾಗಿ ಕರೆಯುವ ಆದೇಶವನ್ನು ಬರುವ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನ ಹೊರಡಿಸಬೇಕು.