ಕೀಲಿಮಣೆ ಬಂತು, ಹೇಳಿಕೊಡುವವರು ಬರಲಿಲ್ಲ

ಕಳೆದ ಮಳೆಗಾಲದ ಒಂದು ಸಂಜೆ ಮಂಗಳೂರಿನ ವಾಮಂಜೂರು ಜಂಕ್ಷನ್ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಸರದಿಗಾಗಿ ಕಾಯುತ್ತಿದ್ದೆ. ನನ್ನ ಮುಂದಿದ್ದ ಹಿರಿಯರೊಬ್ಬರು ಭಜನಾ ಮಂದಿರದ ವಾರ್ಷಿಕೋತ್ಸವದ ಆಮಂತ್ರಣವನ್ನು ಪೆನ್‌ಡ್ರೈವ್‌ನಲ್ಲಿ ತಂದಿದ್ದರು. ಫೈಲ್ ತೆರೆದುಕೊಂಡಿತು, ಕನ್ನಡ ಮಾತ್ರ ಇರಲಿಲ್ಲ. ಪರದೆ ತುಂಬ ತಲೆಯ ಮೇಲೆ ಚುಕ್ಕಿ, ಟೋಪಿ ಹೊತ್ತ ಯಾವ್ಯಾವುದೋ ಅಕ್ಷರಗಳು.

"ಇದೆಂತ ಮಗಾ? ನಿನ್ನೆ ಅಲ್ಲಿ ಸರಿ ಇತ್ತಲ್ಲ?"

"ಫಾಂಟ್ ಹೋಗಿದೆ ಅಜ್ಜ, ಒಂದು ನಿಮಿಷ ನಿಲ್ಲಿ."

ಅಂಗಡಿಯ ಹುಡುಗಿ ಕಂಟ್ರೋಲ್ ಜೊತೆ ಎ ಒತ್ತಿ ಇಡೀ ಪುಟವನ್ನು ಸೆಲೆಕ್ಟ್ ಮಾಡಿದಳು. ಫಾಂಟ್ ಪಟ್ಟಿಯಲ್ಲಿ 'ನುಡಿ 01 ಇ' ಹುಡುಕಿ ಒತ್ತಿದಳು. ಕನ್ನಡ ಬಂತು. ಆದರೆ ಕೊನೆಯಲ್ಲಿ ಇಂಗ್ಲಿಷಿನಲ್ಲಿದ್ದ ಇಮೇಲ್ ವಿಳಾಸ ಅರ್ಥವಿಲ್ಲದ ಕನ್ನಡ ಚೂರುಗಳಾಯಿತು. ಅದನ್ನಷ್ಟೇ ಹಿಡಿದು ಮತ್ತೆ ಇಂಗ್ಲಿಷ್ ಫಾಂಟಿಗೆ ತಂದಳು. ಮೇಲಿನ ಸಾಲಿಗೆ ಅಡಿಗೆರೆ ಬೇಕೆಂದರು ಅಜ್ಜ. ಗೆರೆ ಎಳೆದದ್ದೇ 'ಶ್ರೀಕೃಷ್ಣ'ದ ಒತ್ತಕ್ಷರಗಳ ಸೊಂಟ ಕತ್ತರಿಸಿದ ಹಾಗಾಯಿತು. ಕಂಟ್ರೋಲ್ ಝಡ್ ಒತ್ತಿ ಗೆರೆ ತೆಗೆದು, ಅಕ್ಷರದ ಗಾತ್ರ ಎರಡು ಪಾಯಿಂಟ್ ಏರಿಸಿ, ದಪ್ಪ ಮಾಡಿ ತೋರಿಸಿದಳು. ಅಜ್ಜನಿಗೆ ಖುಷಿಯಾಯಿತು.

ಅವರು ಹೋದ ಮೇಲೆ ಕೇಳಿದೆ, ಇದನ್ನೆಲ್ಲ ಯಾರು ಹೇಳಿಕೊಟ್ಟದ್ದು ಎಂದು. "ಯಾರೂ ಇಲ್ಲ ಸರ್. ಹಾಳಾಗಿ ಹಾಳಾಗಿಯೇ ಗೊತ್ತಾದದ್ದು" ಎಂದಳು.

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಸೌಲಭ್ಯಕ್ಕಾಗಿ ನಾವು ದಶಕಗಳ ಕಾಲ ಹೋರಾಡಿದೆವು, ಅದು ಸಿಕ್ಕಿತು. ಬರೆಯಲು ಕೂತವರು ಸಿಕ್ಕಿಹಾಕಿಕೊಂಡಾಗ ಕನ್ನಡದಲ್ಲಿ ಕೇಳಿ ಕನ್ನಡದಲ್ಲಿ ಉತ್ತರ ಪಡೆಯುವ ಏರ್ಪಾಡನ್ನು ಮಾತ್ರ ಯಾರೂ ಮಾಡಲಿಲ್ಲ. ತಂತ್ರಾಂಶ ಕೊಟ್ಟರೆ ಕೆಲಸ ಮುಗಿಯಿತೆಂದು ಸರ್ಕಾರ ತಿಳಿಯಿತು, ಪರಿಷತ್ತುಗಳು ತಿಳಿದವು, ಕನ್ನಡಪರರಾದ ನಾವೂ ಹಾಗೆಯೇ ತಿಳಿದೆವು.

ಇದು ವಾಮಂಜೂರಿನಲ್ಲೇ ನಡೆಯುತ್ತಿದೆ ಎನ್ನುವುದು ನನ್ನನ್ನು ಹೆಚ್ಚು ಕಾಡುತ್ತದೆ. ಇಲ್ಲಿಂದ ಮೂಡುಬಿದಿರೆ ಕಡೆಗೆ ಹೆದ್ದಾರಿ ಹಿಡಿದು, ಗುರುಪುರ ಸೇತುವೆ ದಾಟಿದರೆ ಕೈಕಂಬ. ಅದರ ಆಸುಪಾಸಿನಲ್ಲೇ ಕಿನ್ನಿಕಂಬಳ. 1940ರಲ್ಲಿ ಹುಟ್ಟಿದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಾವೆಲ್ಲ ಬಲ್ಲ ಕೆ.ಪಿ. ರಾವ್, ಆ ಊರಿನವರು. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಕನ್ನಡದ ಇಡೀ ವರ್ಣಮಾಲೆಯನ್ನು ಕೂರಿಸಿದ ವಿನ್ಯಾಸ ಅವರದು. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರ ಬೇಕಾದಾಗ ನಡುವೆ ಎಫ್. ಸಾವಿರಾರು ರೂಪಗಳ ಕನ್ನಡ ಕಾಗುಣಿತವನ್ನು ಒಂದು ಮಗುವೂ ಅರ್ಧ ದಿನದಲ್ಲಿ ಹಿಡಿಯಬಹುದಾದ ತರ್ಕಕ್ಕೆ ಇಳಿಸಿದ್ದು ಸಾಮಾನ್ಯ ಸಾಧನೆಯಲ್ಲ. ಸರ್ಕಾರ ಅದನ್ನೇ ಶಿಷ್ಟ ವಿನ್ಯಾಸವೆಂದು ಒಪ್ಪಿತು, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಅದನ್ನೇ ಬಳಸಿತು. ರಾವ್ ಅವರು ತಮ್ಮ ತಂತ್ರಾಂಶಕ್ಕೆ ಗುರು ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಜನರಿಗೆ ಉಚಿತವಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು, ವಿದೇಶದಲ್ಲಿದ್ದ ಕನ್ನಡಿಗರ ಮನೆಮನೆಗೂ ಹೋಯಿತು. ಇಷ್ಟೆಲ್ಲ ದೊಡ್ಡ ಮನಸ್ಸಿನಿಂದ ಕಟ್ಟಿಕೊಟ್ಟದ್ದನ್ನು ಬಳಸಲು ಕಲಿಸುವ ಸಣ್ಣ ಕೆಲಸವನ್ನು ನಾವು ಉಳಿದವರು ಮಾಡಬೇಕಿತ್ತು.

ಆಮಂತ್ರಣದ ಫೈಲಿಗೆ ಆದದ್ದೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ಕರ್ನಾಟಕದ ಕಚೇರಿಗಳಲ್ಲಿ ದಿನವೂ ಆಗುತ್ತಿರುವುದು ಇದೇ. ಹಳೆಯ ನುಡಿ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಕನ್ನಡ ಇರುವುದಿಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ತಲೆಕಟ್ಟು, ಕೊಂಬು, ಒತ್ತುಗಳ ಚೂರುಗಳನ್ನು ಇಟ್ಟು ಕಣ್ಣಿಗೆ ಕನ್ನಡ ಕಾಣಿಸುತ್ತಾರೆ. ಫಾಂಟ್ ಎಂಬ ವೇಷ ಕಳಚಿದರೆ ಒಳಗಿನ ರೋಮನ್ ಹೊರಬೀಳುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ, ಅದೂ 1991ರ ಮೊದಲ ಆವೃತ್ತಿಯಿಂದಲೇ. ಫಾಂಟ್ ಬದಲಾದರೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ.

ಈ ವ್ಯತ್ಯಾಸ ಗೊತ್ತಿಲ್ಲದವರಿಗೆ ಶಾರ್ಟ್‌ಕಟ್‌ಗಳೂ ಕೈಕೊಡುತ್ತವೆ. ಕಂಟ್ರೋಲ್ ಎಫ್ ಒತ್ತಿ ಒಂದು ಹೆಸರು ಹುಡುಕುತ್ತೀರಿ. ಹೆಸರು ಕಣ್ಣೆದುರೇ ಇದೆ, ಕಂಪ್ಯೂಟರ್ 'ಇಲ್ಲ' ಎನ್ನುತ್ತದೆ. ಯಾಕೆಂದರೆ ನೀವು ಟೈಪಿಸಿದ್ದು ಯೂನಿಕೋಡ್, ಫೈಲ್‌ನಲ್ಲಿರುವುದು ಹಳೆಯ ನುಡಿ. ಸಂಘವೊಂದರ ಹತ್ತು ವರ್ಷಗಳ ಮಹಾಸಭೆಯ ನಡಾವಳಿ ಹೀಗೆ ಹುಡುಕಲು ಬಾರದ ರಾಶಿಯಾಗಿ ಕೂತಿರುವುದನ್ನು ನಾನೇ ಕಂಡಿದ್ದೇನೆ. ಪರಿಹಾರ ಕಷ್ಟದ್ದೇನಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದರಾಯಿತು. ಅಂಥದೊಂದು ಪರಿವರ್ತಕ ಇದೆ ಎಂದು ಆ ಸಂಘದ ಕಾರ್ಯದರ್ಶಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು, ಕೇಳಲು ಕ್ಷುಲ್ಲಕ ಎನಿಸುವ ಸಂಗತಿ. ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಲು ಬಹುಕಾಲ ಬಳಕೆಯಾದದ್ದು ಸ್ಕ್ರೋಲ್ ಲಾಕ್ ಕೀಲಿ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇಲ್ಲ. ಮಗನ ಲ್ಯಾಪ್‌ಟಾಪ್‌ನಲ್ಲಿ ನುಡಿ ಹಾಕಿಸಿಕೊಂಡ ನಿವೃತ್ತ ಮೇಷ್ಟರು ಅಲ್ಲಿಗೇ ನಿಂತುಬಿಡುತ್ತಾರೆ. ವಿಂಡೋಸ್‌ನಲ್ಲಿ ಪರದೆಯ ಮೇಲೆ ಮೂಡಿಸಿಕೊಳ್ಳಬಹುದಾದ ಕೀಲಿಮಣೆ ಇದೆ, ಅದರಲ್ಲಿ ಸ್ಕ್ರೋಲ್ ಲಾಕ್ ಇದೆ. ಇಲ್ಲವೇ ವಿಂಡೋಸ್‌ನದೇ ಕನ್ನಡ ಕೀಲಿಮಣೆ ಸೇರಿಸಿಕೊಂಡರೆ ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೂ ಭಾಷೆ ಬದಲಾಗುತ್ತದೆ. ಹೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಸಿಗದೆ ಅವರು ಬರೆಯುವುದನ್ನೇ ಬಿಟ್ಟಿರುತ್ತಾರೆ.

ಪುಟವಿನ್ಯಾಸದಲ್ಲಂತೂ ಕನ್ನಡದ ತೊಡಕುಗಳು ಬೇರೆಯೇ. ತಂತ್ರಾಂಶಗಳು ಹುಟ್ಟಿದ್ದು ಒಂದೇ ಸಾಲಿನಲ್ಲಿ ನಡೆಯುವ ಲಿಪಿಗಾಗಿ. ನಮ್ಮದು ಕೆಳಕ್ಕೂ ಇಳಿಯುವ ಲಿಪಿ. 'ರಾಷ್ಟ್ರೀಯ' ಎಂದು ಬರೆದು ಸಾಲಿನ ಅಂತರದ ಜಾಗದಲ್ಲಿ 'ಎಕ್ಸಾಕ್ಟ್ಲಿ' ಆಯ್ದು 12 ಪಾಯಿಂಟ್ ಕೊಟ್ಟು ನೋಡಿ. ಒತ್ತುಗಳ ಬುಡ ಮಾಯವಾಗುತ್ತದೆ. 'ಅಟ್ ಲೀಸ್ಟ್' ಅಥವಾ 'ಮಲ್ಟಿಪಲ್' ಕೊಟ್ಟರೆ ಮರಳಿ ಬರುತ್ತದೆ. ಇಟ್ಯಾಲಿಕ್ ಎಂಬುದು ನಮ್ಮ ಅಕ್ಷರ ಪರಂಪರೆಯದಲ್ಲ. ಕಂಟ್ರೋಲ್ ಐ ಒತ್ತಿದರೆ ಯಂತ್ರ ದುಂಡನೆಯ ಅಕ್ಷರವನ್ನು ಸುಮ್ಮನೆ ಓರೆಯಾಗಿ ತಳ್ಳುತ್ತದೆ, ಓದುವ ಕಣ್ಣಿಗೆ ಅದು ಹಿತವಲ್ಲ. ಒತ್ತಿ ಹೇಳಬೇಕಾದ ಮಾತನ್ನು ದಪ್ಪಕ್ಷರದಲ್ಲಿ ಹಾಕುವುದೇ ಚೆಂದ. ಲಿಬ್ರೆಆಫೀಸ್‌ನಲ್ಲಿ ಕನ್ನಡದಂಥ ಲಿಪಿಗಳಿಗೆ ಫಾಂಟನ್ನು ಬೇರೆಯೇ ಜಾಗದಲ್ಲಿ ಹೊಂದಿಸಬೇಕು. ಅದು ತಿಳಿಯದೆ ಶೈಲಿಯಲ್ಲಿ ಇಂಗ್ಲಿಷಿನ ಫಾಂಟನ್ನಷ್ಟೇ ಬದಲಿಸಿದವರು 'ಕನ್ನಡಕ್ಕೆ ಇದು ಆಗುವುದಿಲ್ಲ' ಎಂದು ತೀರ್ಮಾನಿಸಿಬಿಡುತ್ತಾರೆ. 'ಸಾಫ್ಟ್‌ವೇರ್' ಎಂಬ ಪದದಲ್ಲಿ ವ ಒತ್ತಾಗಿ ಕೆಳಗಿಳಿಯದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ನಡುವೆ ಇರಬೇಕು. ಇಂಥವನ್ನು ಇಂಗ್ಲಿಷಿನ ಯಾವ ಸಹಾಯ ಪುಟವೂ ನಮ್ಮ ಪರವಾಗಿ ಬರೆಯುವುದಿಲ್ಲ. ಬರೆಯಬೇಕಾದವರು ಕನ್ನಡದವರೇ.

ಕನ್ನಡದ ಅಕ್ಷರವನ್ನು ಯಂತ್ರಕ್ಕೆ ಒಗ್ಗಿಸುವ ಕೆಲಸ ಮಂಗಳೂರಿಗೆ ಹೊಸತೂ ಅಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಊರು ಇದು. 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದದ್ದು ಇಲ್ಲಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಕನ್ನಡ ಮೊಳೆಯನ್ನೂ ರೋಮನ್ ಮೊಳೆಯನ್ನೂ ಒಂದೇ ಸಾಲಿಗೆ ಹೊಂದಿಸಿ, ಒತ್ತು ಮುರಿಯದಂತೆ, ಅಂತರ ಕೆಡದಂತೆ ಸುಮಾರು 70,000 ಪದಗಳನ್ನು ಜೋಡಿಸಿದ ಕೈಗಳು ಈ ಜಿಲ್ಲೆಯವು. ಆ ಕೈಗಳಿಗೆ ಕಸುಬು ಪಕ್ಕದಲ್ಲಿ ನಿಂತ ಹಿರಿಯ ಜೋಡಣೆಗಾರರಿಂದ ಬರುತ್ತಿತ್ತು. ಆಮೇಲೆ ಬಂದ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಲ್ಲೂ ಬೆನ್ನ ಹಿಂದೆ ಮೇಷ್ಟರೊಬ್ಬರು ಇರುತ್ತಿದ್ದರು. ಬೆರಳು ತಪ್ಪಿದರೆ ಅಲ್ಲೇ ತಿದ್ದುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಆ ಮೇಷ್ಟರ ಕುರ್ಚಿ ಖಾಲಿಯಾಯಿತು.

ಅದರ ಜಾಗದಲ್ಲಿ ಬಂದದ್ದು ಪರೀಕ್ಷೆ. ಸರ್ಕಾರಿ ನೌಕರರಿಗೆ 2012ರ ನಿಯಮಗಳ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯ. ಬಡ್ತಿ, ವೇತನ ಬಡ್ತಿಗಳು ಅದಕ್ಕೆ ಗಂಟುಬಿದ್ದಿವೆ. ಪಾಸಾಗಲು ಕೊಟ್ಟ ಗಡುವನ್ನು ಹಲವು ಸಲ ವಿಸ್ತರಿಸಬೇಕಾಯಿತು. ನೌಕರರು ಸೋಮಾರಿಗಳು ಎಂದು ಇದಕ್ಕೆ ಷರಾ ಬರೆಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಪರೀಕ್ಷೆ ಇಟ್ಟವರು ಪ್ರತಿ ಕಚೇರಿಯಲ್ಲೂ ಕೇಳಿದ್ದಕ್ಕೆ ಹೇಳುವ ಒಬ್ಬರನ್ನು ಇಟ್ಟಿದ್ದರೆ ಗಡುವು ವಿಸ್ತರಿಸುವ ಪ್ರಮೇಯವೇ ಬರುತ್ತಿರಲಿಲ್ಲ. ನೇಮಕಾತಿ ಪರೀಕ್ಷೆಗಳ ಕಂಪ್ಯೂಟರ್ ಜ್ಞಾನದ ಭಾಗಕ್ಕೂ ಇದೇ ಗತಿ. ಮಾರುಕಟ್ಟೆಯ ಗೈಡುಗಳಲ್ಲಿ ಶಾರ್ಟ್‌ಕಟ್‌ಗಳು ರಾಜಧಾನಿಗಳ ಪಟ್ಟಿಯ ಹಾಗೆ ಸಾಲಾಗಿ ಬರುತ್ತವೆ, ಹುಡುಗರು ಬಾಯಿಪಾಠ ಮಾಡುತ್ತಾರೆ. ಕಂಟ್ರೋಲ್ ಹೆಚ್ ಎಂದರೇನು ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ. ಐವತ್ತು ಪುಟಗಳಲ್ಲಿ ತಪ್ಪಾಗಿ ಬಂದ ಒಂದು ಹೆಸರನ್ನು ಒಂದೇ ಸಲಕ್ಕೆ ತಿದ್ದಲು ಅದನ್ನೇ ಬಳಸಬಹುದೆಂದು ಹೊಳೆಯುವುದಿಲ್ಲ.

ಶಾರ್ಟ್‌ಕಟ್ ಬಾಯಿಪಾಠಕ್ಕಾಗಿ ಹುಟ್ಟಿದ್ದೇ ಅಲ್ಲ. 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಕತ್ತರಿಸಿ ಅಂಟಿಸುವ ಕ್ರಮವನ್ನು ಕಂಪ್ಯೂಟರಿಗೆ ತಂದರು. ಆಮೇಲೆ ಆಪಲ್‌ನಲ್ಲಿ ಅದಕ್ಕೂ ಮಾಡಿದ್ದನ್ನು ರದ್ದು ಮಾಡುವುದಕ್ಕೂ ಆಯ್ದ ಕೀಲಿಗಳು ಝಡ್, ಎಕ್ಸ್, ಸಿ, ವಿ. ಕೀಲಿಮಣೆಯ ಕೆಳಸಾಲಿನಲ್ಲಿ ಇವು ಒಂದರ ಪಕ್ಕ ಒಂದು ಇವೆ. ಎಡಗೈಯ ಕಿರುಬೆರಳು ಕಂಟ್ರೋಲ್ ಮೇಲಿಟ್ಟರೆ ಉಳಿದ ಬೆರಳುಗಳು ತಾವಾಗಿ ಅಲ್ಲಿ ಬೀಳುತ್ತವೆ. ಬೋಲ್ಡ್‌ಗೆ ಬಿ, ಸೇವ್‌ಗೆ ಎಸ್ ಎಂಬುದು ಇಂಗ್ಲಿಷ್ ಬಲ್ಲವರಿಗೆ ನೆನಪಿನ ಗುರುತು. ಬೆರಳಿನ ಜಾಗ ಮಾತ್ರ ಯಾವ ಭಾಷೆಯವರಿಗೂ ಒಂದೇ. ಕನ್ನಡ ಮಾಧ್ಯಮದ ಮಗುವಿಗೆ ಕೈ ಹಿಡಿದು ತೋರಿಸಿದರೆ ಸಾಕು, ಇಂಗ್ಲಿಷ್ ಬರಬೇಕೆಂದಿಲ್ಲ.

ಈಗ ಫೋನಿಗೆ ಕನ್ನಡದಲ್ಲೇ ಮಾತಾಡಿದರೆ ಅದು ಬರೆದುಕೊಳ್ಳುತ್ತದೆ, ಪ್ರಶ್ನೆ ಕೇಳಿದರೆ ಉತ್ತರಿಸುತ್ತದೆ, ಇನ್ನು ಮನುಷ್ಯರ ಸಹಾಯ ಯಾಕೆ ಎಂದು ಕೇಳಬಹುದು. ಆದರೆ ಪ್ರಶ್ನೆ ಕೇಳಲು ಮೊದಲು ತೊಡಕಿನ ಹೆಸರು ಗೊತ್ತಿರಬೇಕು. 'ಫಾಂಟ್', 'ಎನ್‌ಕೋಡಿಂಗ್' ಎಂಬ ಮಾತೇ ಕೇಳದ ಅಜ್ಜ "ಅಕ್ಷರ ಎಂತೆಂತದೋ ಬರ್ತದೆ" ಎಂದಷ್ಟೇ ಹೇಳಬಲ್ಲರು. ಪರದೆ ನೋಡಿ, ಇದು ಇಂಥದ್ದು ಎಂದು ಗುರುತಿಸುವ ಕಣ್ಣು ಪಕ್ಕದಲ್ಲಿ ಬೇಕು.

ಆ ಕಣ್ಣುಗಳಿಗೆ ವಾಮಂಜೂರಿನಲ್ಲಿ ಬರವಿಲ್ಲ. 2002ರಲ್ಲಿ ಶುರುವಾದ ಸೇಂಟ್ ಜೋಸೆಫ್ ಎಂಜಿನಿಯರಿಂಗ್ ಕಾಲೇಜು ಇಲ್ಲೇ ಇದೆ. ಪಿಲಿಕುಳದ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಓದುವವರಿಗೆ 'ಸಾಂಸ್ಕೃತಿಕ ಕನ್ನಡ', 'ಬಳಕೆ ಕನ್ನಡ' ಎಂಬ ಒಂದು ಕ್ರೆಡಿಟ್‌ನ ವಿಷಯಗಳಿವೆ. ಆ ಒಂದು ಕ್ರೆಡಿಟ್‌ನ ಸ್ವಲ್ಪ ಭಾಗವನ್ನು ಊರಿನವರ ಪಕ್ಕ ಕೂತು ಅವರ ಕನ್ನಡ ಫೈಲ್ ಸರಿಪಡಿಸಿಕೊಡುವುದಕ್ಕೆ ಇಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಕನ್ನಡ ಬಾರದ ಹುಡುಗನೂ ಹಾಗೆ ಕಲಿಯುವಷ್ಟು ಕನ್ನಡವನ್ನು ಪಠ್ಯಪುಸ್ತಕದಿಂದ ಕಲಿಯಲಾರ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಡಬೇಕಾದದ್ದೂ ಒಂದಿದೆ. ನುಡಿ, ವರ್ಡ್, ಲಿಬ್ರೆಆಫೀಸ್ ಮೂರಕ್ಕೂ ಕನ್ನಡದ ತೊಡಕುಗಳನ್ನೇ ಮುಂದಿಟ್ಟು, ಚಿತ್ರಗಳ ಸಹಿತ ಹತ್ತು ಪುಟದ ಕೈಪಿಡಿಯೊಂದನ್ನು ಅಚ್ಚು ಹಾಕಿಸಿ ಪ್ರತಿ ಗ್ರಂಥಾಲಯಕ್ಕೂ ಪ್ರತಿ ಗ್ರಾಮ ಪಂಚಾಯಿತಿಗೂ ಕಳಿಸಬೇಕು. ಅದನ್ನು ಬರೆಯಲು ಸಮಿತಿ ಬೇಡ. ಇಂಥ ಅಂಗಡಿಗಳಲ್ಲಿ ಹತ್ತು ವರ್ಷ ದುಡಿದ ನಾಲ್ವರನ್ನು ಕೂರಿಸಿ, ಗೌರವಧನ ಕೊಟ್ಟು ಕೇಳಿದರೆ ಸಾಕು.

ವಾಮಂಜೂರಿನ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಇಲಾಖೆಯ ಆದೇಶಕ್ಕೆ ಕಾಯಬೇಡಿ. ಶನಿವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಒಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಜಂಕ್ಷನ್ನಿನ ಯಾವುದಾದರೂ ಸಂಘದ ಕೋಣೆಯಲ್ಲಿ ಕೂತುಕೊಳ್ಳಿ. 'ಕನ್ನಡ ಫೈಲ್ ಸರಿಮಾಡಿ ಕೊಡಲಾಗುವುದು, ಹೇಳಿಯೂ ಕೊಡಲಾಗುವುದು' ಎಂದು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಮೊದಲ ವಾರ ಆ ಅಂಗಡಿಯ ಹುಡುಗಿಯನ್ನೂ ಕರೆಯಿರಿ, ನಿಮಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿದೆ.