ಬಂದೂಕಿನ ದುರಸ್ತಿ ಕುಲುಮೆಯ ಕೆಲಸವಲ್ಲ

ಕಂದಲಗಾಂವದಂಥ ಊರುಗಳ ವಸ್ತಿಗಳಲ್ಲಿ ಕಾವಲಿಗೆಂದು ಪರವಾನಗಿ ಪಡೆದು, ಯಾರೋ ಬಳಸಿದ ಅರೆಸ್ವಯಂಚಾಲಿತ ಬಂದೂಕನ್ನು ಕೊಂಡ ರೈತ ಬಾಂಧವರಿಗೆ ನಮ್ಮದೊಂದು ಮಾತು. ಹಳೆಯದನ್ನು ಕೊಳ್ಳುವುದು ತಪ್ಪಲ್ಲ. ಸವೆದುದನ್ನು ಹಾಗೆಯೇ ಬಿಡುವುದು ತಪ್ಪು.

ಬೆಲ್ಜಿಯಮ್ಮಿನಲ್ಲಿ ತಯಾರಾದ ಬ್ರೌನಿಂಗ್ ಆಟೋ-5 ಎಂಬ ಹಳೆಯ ಮಾದರಿಯನ್ನೇ ನೋಡಿರಿ. ಗುಂಡು ಹಾರಿದೊಡನೆ ಅದರ ನಳಿಗೆಯೇ ಹಿಂದಕ್ಕೆ ಸರಿಯುತ್ತದೆ. ಆ ಪೆಟ್ಟನ್ನು ತಡೆಯುವವು ಒಂದು ಸ್ಪ್ರಿಂಗು, ಒಂದು ಕಂಚಿನ ಉಂಗುರ. ಇವು ಸವೆದರೆ ಪೆಟ್ಟು ಹಿಂದೆ ಬಡಿದು ಕಟ್ಟಿಗೆಯ ಹಿಡಿಕೆ ಸೀಳುತ್ತದೆ. ಸಣ್ಣ ಖರ್ಚಿಗೆ ಹಿಂಜರಿದವನಿಗೆ ದೊಡ್ಡ ಖರ್ಚು.

ಹಾಗೆಂದು ಊರ ಕಂಬಾರನಲ್ಲಿಗೆ ಒಯ್ಯಬಾರದು. ನೇಗಿಲ ಗುಳ, ಕುಂಟೆಯ ಕುಡ ಹಣಿಯುವುದರಲ್ಲಿ ಅವನ ಕೈ ಪಳಗಿದೆ, ನಿಜ. ಆದರೆ ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ ಸ್ಪ್ರಿಂಗು ಕಸುವು ಕಳೆದುಕೊಳ್ಳುತ್ತದೆ. ಮೇಲಾಗಿ 1959ರ ಶಸ್ತ್ರಾಸ್ತ್ರ ಕಾಯದೆಯಂತೆ ದುರಸ್ತಿಗೂ ಪರವಾನಗಿ ಬೇಕು. ಇಲ್ಲದೆ ಮಾಡಿದರೆ ಆ ಬಡವನಿಗೆ ಸೆರೆಮನೆ. ತಕ್ಕ ಹೊಸ ಭಾಗವನ್ನು ಪರವಾನಗಿಯುಳ್ಳವನಿಂದಲೇ ಹಾಕಿಸಿರಿ.

ಅಧಿಕಾರಿಗಳಿಗೂ ನಮ್ಮದೊಂದು ವಿನಂತಿ. ಅಂಥ ದುರಸ್ತಿಗಾರರ ಯಾದಿಯನ್ನು ಪ್ರತಿ ಪಂಚಾಯತಿಗೆ ಕಳಿಸಿರಿ. ನಮ್ಮವರು ಓದುವ ಕನ್ನಡದಲ್ಲಿಯೂ ಕಳಿಸಿರಿ. ದಾರಿ ತೋರಿಸದೆ ದಂಡಿಸುವುದು ನ್ಯಾಯವಲ್ಲ.